ಕೊನೆಯ ಸರದಿ ನನಗಿರಲಿ

ಜೊಯಿಡಾ ಕಾಡುಮನೆ
6 ಅಕ್ಟೋಬರ್ 2024

ಗಂಗಾ,

ನಾನಿಲ್ಲಿ ಗಟ್ಟಿಯಾಗಿದ್ದೇನೆ. ಹಳಿಯಾಳದಲ್ಲಿ ನೀನು, ಅಳಿಯಂದಿರು, ನಿನ್ನ ಅತ್ತೆ ಕೆಂಚವ್ವನವರು ಎಲ್ಲರೂ ಹಾಗೇ ಇದ್ದೀರಿ ಎಂದುಕೊಂಡು ಬರೆಯುತ್ತಿದ್ದೇನೆ.

ಫೋನು ಹತ್ತುವುದಿಲ್ಲ ಎಂದು ನೀನು ಉರಿಯುತ್ತಿರುತ್ತಿ, ಗೊತ್ತು. ಸಿಗ್ನಲ್ ಬೇಕೆಂದರೆ ಗುಡ್ಡದ ಮೇಲಿನ ನೀರಿನ ಟಾಕಿಯ ತನಕ ಹತ್ತಬೇಕು. ಹತ್ತಿದ ಮೇಲೆ ಅದು ಅಲ್ಲಿರಬೇಕು. ಅದಕ್ಕೇ ಈ ಕಾಗದವನ್ನು ಬಸ್ ಕಂಡಕ್ಟರ್ ಮಹಾಂತಪ್ಪನ ಕೈಗೆ ಕೊಡುತ್ತೇನೆ, ದಾಂಡೇಲಿಯಲ್ಲಿ ಟಪಾಲಿಗೆ ಹಾಕುತ್ತಾನೆ.

ಸುದ್ದಿ ಎರಡು. ಮೊದಲನೆಯದು, ನಮ್ಮ ಮಾಲೀಕರು ಕಾಯತಾನ್ ಬಾಬ ಜನವರಿ ಕೊನೆಗೆ ಈ ಹೋಮ್‌ಸ್ಟೇ ಮುಚ್ಚಿ ಗೋವಾಕ್ಕೆ, ತಂಗಿಯ ಮನೆಗೆ ಹೋಗುತ್ತಾರೆ. ಅವರ ಮೊಣಕಾಲು ಈ ಮೆಟ್ಟಿಲುಗಳನ್ನು ಇನ್ನು ಒಪ್ಪುವುದಿಲ್ಲವಂತೆ. ಅಂದರೆ ನನ್ನ ಅಡುಗೆ ಕೆಲಸವೂ ಅಲ್ಲಿಗೆ ಮುಗಿಯಿತು.

ಎರಡನೆಯದು ಕೇಳಿ ನಗಬೇಡ. ಊಟದ ಹಾಲ್‌ನಲ್ಲಿ ಬಾಬರ ಹಳೆಯ ಪಿನ್‌ಬಾಲ್ ಯಂತ್ರ ಇದೆ ಎಂದು ಹೇಳಿದ್ದೆನಲ್ಲ? ಇಳಿಜಾರಾಗಿ ನಿಲ್ಲಿಸಿದ ಮೇಜು, ಮೇಲೆ ಗಾಜು, ಒಳಗೆ ಉಕ್ಕಿನ ಚೆಂಡು. ಸ್ಪ್ರಿಂಗಿನ ಹಿಡಿ ಎಳೆದು ಬಿಟ್ಟರೆ ಚೆಂಡು ಮೇಲೆ ಹೋಗಿ ಅಲ್ಲಿ ಇಲ್ಲಿ ಬಡಿದು ದೀಪ ಹೊತ್ತಿಸುತ್ತ, ಅಂಕ ಗಳಿಸುತ್ತ ಕೆಳಗೆ ಬರುತ್ತದೆ. ಕೆಳಗೆ ಎರಡು ಪುಟ್ಟ ಕೈಗಳಿವೆ. ಪಕ್ಕದ ಗುಂಡಿ ಒತ್ತಿದರೆ ಅವು ಏಳುತ್ತವೆ, ಚೆಂಡನ್ನು ಮತ್ತೆ ಮೇಲಕ್ಕೆ ಕಳಿಸುತ್ತವೆ. ಅವುಗಳ ನಡುವಿನ ಸಂದಿಯಲ್ಲಿ ಬಿತ್ತೋ, ಚೆಂಡು ಹೋಯಿತು. ಒಬ್ಬರಿಗೆ ಮೂರು ಚೆಂಡು. ಗಾಜು ಒರೆಸುವುದು ನನ್ನ ಕೆಲಸ. ಒರೆಸಿ ಒರೆಸಿ ಒಂದು ಮಧ್ಯಾಹ್ನ, ಅತಿಥಿಗಳೆಲ್ಲ ನದಿಗೆ ಹೋದಾಗ, ಹಿಡಿ ಎಳೆದು ನೋಡಿದೆ. ಇದಾಗಿ ವರ್ಷದ ಮೇಲಾಯಿತು. ಈಗ ಬಾಬರನ್ನೇ ಸೋಲಿಸುತ್ತೇನೆ.

ಹೋಗುವ ಮುನ್ನ ಬಾಬ ಇಲ್ಲೊಂದು ಟೂರ್ನಮೆಂಟ್ ಇಟ್ಟಿದ್ದಾರೆ. ಗೋವಾ, ಪುಣೆಯಿಂದೆಲ್ಲ ಆಡುವವರು ಬರುತ್ತಾರೆ. ಗೆದ್ದವರಿಗೆ ಈ ಯಂತ್ರವೇ ಬಹುಮಾನ. ನನ್ನ ಹೆಸರನ್ನೂ ಕೊಟ್ಟಿದ್ದೇನೆ.

ನಿನ್ನ ಅವ್ವ,
ದ್ರಾಕ್ಷಾಯಣಿ


ಹಳಿಯಾಳ
17 ಅಕ್ಟೋಬರ್ 2024

ಅವ್ವಾ,

ನಗಬೇಡ ಎಂದಿದ್ದಿ, ನಾನು ನಕ್ಕೆ. ನಿನ್ನ ಅಳಿಯನಿಗೆ ಓದಿ ಹೇಳಿದೆ, ಅವರೂ ನಕ್ಕರು. "ನಮ್ಮತ್ತಿಯವರು ಚೆಂಡ ಆಡ್ತಾರಂತ? ಹೆಂಗಿರ್ತೈತೋ ನೋಡಬೇಕಲ್ಲ" ಎಂದರು.

ಆಮೇಲೆ ಸಿಟ್ಟು ಬಂತು. ಅಪ್ಪ ಹೋದ ಮೇಲೆ ನೀನು ನಮ್ಮ ಹಳ್ಳಿ ಇಂದೂರಿನ ಮನೆ ಬಿಟ್ಟು ಕಾಡಿಗೆ ಹೋದೆ. ನಮ್ಮಲ್ಲಿಗೆ ಬಾ ಎಂದರೆ "ಮಗಳ ಮನ್ಯಾಗ ಎಷ್ಟ ದಿನ ಇರೂದು" ಎಂದೆ. ಹಬ್ಬಕ್ಕೆ ಬಂದರೆ ಮೂರನೆಯ ದಿನಕ್ಕೆ ಚೀಲ ಕಟ್ಟುತ್ತಿ. ಈಗ ಆ ಕೆಲಸವೂ ಮುಗಿಯುತ್ತಿದೆ. ಆದರೂ ಎಲ್ಲಿಗೆ ಹೋಗುತ್ತೀ ಎಂದು ಒಂದು ಸಾಲು ಬರೆದಿಲ್ಲ, ಚೆಂಡಿನ ಬಗ್ಗೆ ಪುಟ ತುಂಬಿಸಿದ್ದಿ.

ನಿಜ ಹೇಳು, ಆ ಯಂತ್ರ ಗೆದ್ದು ಏನು ಮಾಡುತ್ತಿ?

ಇನ್ನೊಂದು. ಚೆಂಡು ಹೇಗೂ ಕೆಳಗೇ ಬರುವುದಲ್ಲವೇ? ಬೀಳಲಿಕ್ಕೆಂದೇ ಇಟ್ಟಿರುವ ಚೆಂಡಿನಲ್ಲಿ ಜಾಣತನ ಎಲ್ಲಿ ಬಂತು? ಇದು ಸಿಟ್ಟಿನಿಂದಲ್ಲ, ಅರ್ಥವಾಗದೆ ಕೇಳುತ್ತಿದ್ದೇನೆ.

ಶಿವಗಂಗಾ


ಜೊಯಿಡಾ ಕಾಡುಮನೆ
10 ನವೆಂಬರ್ 2024

ಗಂಗಾ,

ನಿಜ ಕೇಳಿದ್ದಿ, ಹೇಳುತ್ತೇನೆ. ದಾಂಡೇಲಿಯ ಅಂಬೇವಾಡಿಯಲ್ಲಿ ರಸ್ತೆಗೆ ಹೊಂದಿಕೊಂಡಿರುವ ಒಂದು ಕೋಣೆ ನೋಡಿ ಬಂದಿದ್ದೇನೆ. ಮುಂದೆ ಮಿರ್ಚಿ ಭಜಿ, ಚಹಾ. ಒಳಗೆ ಈ ಯಂತ್ರ. ನದಿಗೆ ಬರುವ ಹುಡುಗ ಹುಡುಗಿಯರು ಭಜಿ ತಿನ್ನುತ್ತ ಆಡಿ ಹೋಗುತ್ತಾರೆ. ಬರೀ ಭಜಿ ಅಂಗಡಿ ಆ ರಸ್ತೆಯಲ್ಲಿ ಬೇಕಾದಷ್ಟಿವೆ, ಯಂತ್ರ ಇಲ್ಲದಿದ್ದರೆ ನನ್ನದು ನಡೆಯುವುದಿಲ್ಲ. ಕೆಂಚವ್ವನವರು ಒಳ್ಳೆಯವರೇ. ಆದರೆ ಅವರ ಒಲೆಯ ಮುಂದೆ ನಾನು ಬೀಗಿತ್ತಿ. ನನಗೆ ನಾನೇ ಚಿಲಕ ಹಾಕಿಕೊಳ್ಳುವ ಒಂದು ಬಾಗಿಲು ಬೇಕು, ಗಂಗಾ. ಇಷ್ಟೇ.

ಈಗ ನಿನ್ನ ಪ್ರಶ್ನೆ. ಚೆಂಡು ಕೆಳಗೆ ಬರುವುದು ಖರೆ. ಬಂದಾಗ ಗಾಬರಿಯಿಂದ ಎರಡೂ ಗುಂಡಿ ಪಟಪಟ ಒತ್ತುತ್ತಾರಲ್ಲ, ಅವರೇ ಮೊದಲು ಸೋಲುವವರು. ಬಾಬ ನನಗೆ ಕಲಿಸಿದ ಮೊದಲ ಪಾಠ, "ದ್ರಾಕ್ಷಾಬಾಯಿ, ಹೊಡೀಬ್ಯಾಡ. ನೋಡು." ಕೆಲವು ಸಲ ಕೈ ಎತ್ತದೆ ಸುಮ್ಮನಿದ್ದರೆ ಚೆಂಡು ಒಂದು ಕೈಗೆ ತಾಗಿ, ತಾನಾಗಿ ಪುಟಿದು ಇನ್ನೊಂದು ಕೈಯ ಮೇಲೆ ಬಂದು ಕೂರುತ್ತದೆ. ಕೈ ಎತ್ತಿ ಹಿಡಿದರೆ ಅಲ್ಲೇ ನಿಲ್ಲುತ್ತದೆ. ಆಗ ಉಸಿರು ಬಿಟ್ಟು, ಎಲ್ಲಿಗೆ ಕಳಿಸಬೇಕೆಂದು ಯೋಚಿಸಬಹುದು.

ಯಂತ್ರದ ಮೇಲೆ ಸರ್ಕಸ್ಸಿನ ಚಿತ್ರವಿದೆ. ನಟ್ಟನಡುವೆ ಬಾಯಿ ತೆರೆದ ಹುಲಿ. ಅದರ ಬಾಯಿಗೆ ಚೆಂಡು ಹಾಕಿದರೆ ಒಮ್ಮೆಗೇ ಮೂರು ಚೆಂಡು ಹೊರಬಂದು ಅಂಕದ ಸುರಿಮಳೆ. ಗುರಿ ತಪ್ಪಿದರೆ ಚೆಂಡು ನೇರ ಸಂದಿಗೆ. ಎಡಕ್ಕೆ ಏಣಿಯಂಥ ಒಂದು ಏರುದಾರಿ ಇದೆ. ಏಣಿ ಹತ್ತಿಸಿದರೆ ಅಂಕ ಕಡಿಮೆ, ಆದರೆ ಚೆಂಡು ಸುತ್ತಿ ಬಂದು ಕೈಗೇ ಸೇರುತ್ತದೆ. ಹತ್ತಿಸಿದಷ್ಟೂ ದೀಪ ಹೊತ್ತಿ, ಚೆಂಡು ಬಿದ್ದ ಮೇಲೆ ಯಂತ್ರ ಅವುಗಳನ್ನು ಎಣಿಸಿ ಇನಾಮು ಕೊಡುತ್ತದೆ. ಯಂತ್ರವನ್ನು ಸ್ವಲ್ಪ ತಳ್ಳಬಹುದು, ಚೆಂಡಿನ ದಾರಿ ತಿದ್ದಲು. ಹೆಚ್ಚು ತಳ್ಳಿದರೆ ಟಿಲ್ಟ್ ಎಂದು ದೀಪ ಆರಿಸಿ ಮುನಿಸಿಕೊಂಡು ನಿಲ್ಲುತ್ತದೆ. ಚೆಂಡೂ ಹೋಯಿತು, ಇನಾಮೂ ಹೋಯಿತು. ಬಂದವರೆಲ್ಲ ಹುಲಿಯ ಹಿಂದೆ ಬೀಳುತ್ತಾರೆ. ನಾನು ಏಣಿಯವಳು.

ಇನ್ನೊಂದು ಗುಟ್ಟು. ನಾಲ್ವರು ಕೂಡಿ ಆಡುವಾಗ ಒಬ್ಬರ ನಂತರ ಒಬ್ಬರು, ಒಂದೊಂದೇ ಚೆಂಡು. ಸರದಿ ಆರಿಸಲು ಬಿಟ್ಟರೆ ನಾನು ಯಾವಾಗಲೂ ನಾಲ್ಕನೆಯವಳು. ಬಾಬ ಆಶ್ಚರ್ಯಪಟ್ಟರು, ಎಲ್ಲಿ ಕಲಿತೆ ಎಂದರು. ಜನ್ಮವೆಲ್ಲ ಎಲ್ಲರಿಗೂ ಬಡಿಸಿ ಕೊನೆಗೆ ಉಂಡವಳು ನಾನು. ಕೊನೆಗೆ ಉಳಿದವರಿಗೆ ಎಷ್ಟಿದೆ, ಎಷ್ಟು ಸಾಕು ಎಂದು ಗೊತ್ತಿರುತ್ತದೆ. ಮುಂದಿನವರ ಅಂಕ ದಾಟಲು ಏಣಿಯೇ ಸಾಕಾದರೆ ಹುಲಿಯ ಬಾಯಿಗೆ ಯಾಕೆ ಕೈ ಹಾಕಲಿ?

ನಿನಗಿದು ತಿಳಿಯುವುದು ಕಷ್ಟ. ಇಂದೂರು ಶಾಲೆಯ ವಾರ್ಷಿಕೋತ್ಸವದ ಗ್ಯಾದರಿಂಗ್‌ನಲ್ಲಿ ಬೇರೆಯವರ ಹಾಡು ನಡೆದಿರುವಾಗಲೇ ವೇದಿಕೆಗೆ ನುಗ್ಗಿ ಕುಣಿದವಳು ನೀನು. ಸರದಿ ಕಾಯುವುದು ನಿನ್ನ ರಕ್ತದಲ್ಲಿಲ್ಲ.

ಅವ್ವ


ಹಳಿಯಾಳ
24 ನವೆಂಬರ್ 2024

ಅವ್ವಾ,

ಗ್ಯಾದರಿಂಗ್ ಸುದ್ದಿ ಇನ್ನೂ ಬಿಟ್ಟಿಲ್ಲವೇ? ನಾನಾಗ ಎರಡನೆಯ ಇಯತ್ತೆಯ ಪುಟ್ಟ ಹುಡುಗಿ!

ಚಿಲಕದ ಮಾತು ಓದಿ ಕಾಗದವನ್ನು ಮಡಚಿ ಡಬ್ಬಿಯಲ್ಲಿ ಒಗೆದೆ. ನಿನ್ನ ಮೇಲೆ ಮುನಿಸು. ನಿನ್ನ ವಯಸ್ಸಿಗೆ ಒಬ್ಬಳೇ ಅಂಗಡಿ ಇಟ್ಟುಕೊಂಡು ಕೂರುತ್ತೇನೆ ಎಂದರೆ ನನಗೆ ನಿದ್ದೆ ಬರುತ್ತದೆಯೇ? ಅದಕ್ಕೆ ನಾವಿಬ್ಬರೂ ಒಂದು ಪಂದ್ಯ ಕಟ್ಟೋಣ. ಆ ಯಂತ್ರ ಗೆದ್ದರೆ ನೀನು ಅಂಬೇವಾಡಿಗೆ ಹೋಗು, ನಾನು ಒಂದು ಮಾತೂ ಆಡುವುದಿಲ್ಲ. ಸೋತರೆ ಟ್ರಂಕು ಸಮೇತ ನನ್ನ ಮನೆಗೆ ಬರಬೇಕು. ಆಗ ನೀನು ಒಂದು ಮಾತೂ ಆಡಬಾರದು. ಒಪ್ಪಿದೆಯಾ?

ಟೂರ್ನಮೆಂಟಿನಲ್ಲಿ ಅಂಕ ಹೇಗೆ ಕೊಡುತ್ತಾರೆ? ಯಂತ್ರದ ಅಂಕವನ್ನೆಲ್ಲ ಕೂಡಿಸುತ್ತಾರೋ, ಹೇಗೆ? ಸುಮ್ಮನೆ ಕೇಳಿದೆ.

ಗಂಗಾ


ಜೊಯಿಡಾ ಕಾಡುಮನೆ
5 ಡಿಸೆಂಬರ್ 2024

ಗಂಗಾ,

ಒಪ್ಪಿದೆ. ಬಸವಣ್ಣನ ಆಣೆ.

ಯಂತ್ರದ ಅಂಕ ಕೂಡಿಸುವುದಿಲ್ಲ. ಒಂದೊಂದು ಆಟದಲ್ಲಿ ಮೊದಲು ಬಂದವರಿಗೆ ನಾಲ್ಕು, ಎರಡನೆಯವರಿಗೆ ಎರಡು, ಮೂರನೆಯವರಿಗೆ ಒಂದು, ಕೊನೆಯವರಿಗೆ ಸೊನ್ನೆ. ಫೈನಲ್‌ನಲ್ಲಿ ನಾಲ್ವರು, ಮೂರು ಆಟ. ಸುಮ್ಮನೆ ಕೇಳಿದ್ದರಿಂದ ಸುಮ್ಮನೆ ಹೇಳಿದೆ.

ಅವ್ವ


ಹಳಿಯಾಳ
18 ಡಿಸೆಂಬರ್ 2024

ಅವ್ವಾ,

ನಾನು ಹುಚ್ಚಿಯಾಗಿದ್ದೇನೆ. ನಿನ್ನ ಯಂತ್ರವನ್ನು ಅಂಗಳದಲ್ಲಿ ರಂಗೋಲಿಯಿಂದ ಬರೆದೆ. ಇಲ್ಲಿ ಹುಲಿ, ಇಲ್ಲಿ ಏಣಿ, ಇಲ್ಲಿ ಸಂದಿ. ಗೋಲಿ ಇಟ್ಟು ಉರುಳಿಸಿ ನೋಡುತ್ತಿದ್ದೆ. ಅತ್ತೆ ಬಾಗಿಲಲ್ಲಿ ನಿಂತು, "ಇದೆಂಥಾ ರಂಗೋಲಿನ ಯವ್ವಾ, ಎಳಿಯೂ ಇಲ್ಲ ಚುಕ್ಕಿಯೂ ಇಲ್ಲ" ಎಂದರು. ಹೇಳಿದೆ. ಅವರೂ ಒಂದು ಗೋಲಿ ಬಿಟ್ಟರು. ಸಂದಿಗೆ ಹೋಯಿತು. ಇನ್ನೊಂದು ಬಿಟ್ಟರು!

ಈಗ ಕೇಳು. ನಿನ್ನ ಏಣಿಯ ಹಾದಿ ಒಳ್ಳೆಯದೇ, ಆದರೆ ನಾಲ್ಕು-ಎರಡು-ಒಂದು-ಸೊನ್ನೆ ಎಂದಾದ ಮೇಲೆ ಬರೀ ಏಣಿ ಸಾಲದು. ಎರಡನೆಯ ಸ್ಥಾನಕ್ಕೂ ಮೂರನೆಯದಕ್ಕೂ ಇರುವ ಅಂತರ ಒಂದೇ. ಮೊದಲನೆಯದಕ್ಕೂ ಎರಡನೆಯದಕ್ಕೂ ಎರಡು. ನೀನು ಎರಡನೆಯವಳಾಗಿ ನಿಂತಿದ್ದು, ಕೊನೆಯ ಚೆಂಡು ಉಳಿದಿದ್ದು, ಏಣಿಯಿಂದ ಮೊದಲನೆಯವರನ್ನು ದಾಟುವುದು ಆಗದು ಎಂದಾದರೆ ಹುಲಿಗೇ ಹೊಡಿ. ತಪ್ಪಿದರೆ ಕಳೆದುಕೊಳ್ಳುವುದು ಕಡಿಮೆ, ಸಿಕ್ಕಿದರೆ ಬರುವುದು ಹೆಚ್ಚು. ಇದ್ದ ಸ್ಥಾನ ಉಳಿಯಲಿ ಎಂದು ಅಂಜಿ ಆಡಬೇಡ. ನೀನು ಅಂಜಿ ಆಡುವವಳು ಎಂದು ನನಗೆ ಗೊತ್ತು.

ಬರೆದು ಮುಗಿಸಿದ ಮೇಲೆ ಹೊಳೆಯಿತು, ನೀನು ಸೋಲಲಿ ಎನ್ನಬೇಕಾದವಳು ನಾನು. ಈ ಪುಟ ಹರಿದು ಹಾಕಬೇಕೆಂದೆ. ಮನಸ್ಸಾಗಲಿಲ್ಲ.

ಟೂರ್ನಮೆಂಟ್ ನೋಡಲು ಬರಲೇ?

ಗಂಗಾ


ಜೊಯಿಡಾ ಕಾಡುಮನೆ
8 ಜನವರಿ 2025

ಗಂಗಾ,

ಬರಬೇಡ. ನೀನು ಎದುರಿಗಿದ್ದರೆ ನನ್ನ ಗುರಿ ತಪ್ಪುತ್ತದೆ. ಅಪರಿಚಿತರ ಮುಂದೆ ಏನಾದರೂ ಮಾಡಿಬಿಡಬಹುದು, ಮಗಳ ಮುಂದೆ ಆಗುವುದಿಲ್ಲ.

ನಿನ್ನ ಲೆಕ್ಕ ಬಾಬರಿಗೆ ತೋರಿಸಿದೆ. "ನಿನ್ನ ಮಗಳು ಒಂದು ಚೆಂಡೂ ಮುಟ್ಟದೆ ಇಷ್ಟು ತಿಳಕೊಂಡಾಳೇನು?" ಎಂದರು. ನನಗೆ ಹೆಮ್ಮೆಯಾಯಿತು. ಹುಲಿಯನ್ನು ಈಗ ದಿನಾಲೂ ಹೊಡೆಯುತ್ತೇನೆ. ಮೂರು ಚೆಂಡು ಒಮ್ಮೆಗೇ ಬಂದಾಗ ನನಗೆ ಇನ್ನೂ ದಿಕ್ಕು ತೋಚುವುದಿಲ್ಲ.

ಇಲ್ಲಿ ನನಗೆ ನಿಜವಾದ ಎದುರಾಳಿ ಒಬ್ಬನೇ. ಮಲ್ಲೇಶ ಎಂದು ದಾಂಡೇಲಿಯ ಹುಡುಗ, ನದಿಯಲ್ಲಿ ರಾಫ್ಟ್ ನಡೆಸುತ್ತಾನೆ. ಅತಿಥಿಗಳನ್ನು ಬಿಡಲು ಬಂದಾಗೆಲ್ಲ ಒಂದಾಟ ಆಡಿ ನನ್ನ ಹತ್ತಿರ ಚಹಾ ಕುಡಿದು ಹೋಗುತ್ತಾನೆ. ಯಂತ್ರ ತಳ್ಳುವುದರಲ್ಲಿ ಅವನ ಕೈ ಬಲು ಹದ.

ಬಾಬ ನಿಯಮಗಳನ್ನು ಓದಿ ಹೇಳಿದರು. ಒಂದಕ್ಕೆ ನಗು ಬಂತು. ತನ್ನದಲ್ಲದ ಸರದಿಯಲ್ಲಿ ಬೇರೆಯವರ ಚೆಂಡು ಆಡಿಬಿಟ್ಟರೆ ಆ ಆಟದಲ್ಲಿ ಸೊನ್ನೆ, ಚೆಂಡಿನ ಧಣಿಗೆ ಬೇರೆ ಚೆಂಡು ಸಿಗುತ್ತದೆ. ದೊಡ್ಡ ದೊಡ್ಡ ಆಟಗಾರರೇ ಈ ತಪ್ಪು ಮಾಡುತ್ತಾರಂತೆ. ನನ್ನಿಂದ ಬೇರೆ ಏನು ತಪ್ಪಾದರೂ ಆದೀತು, ಇದೊಂದು ಆಗುವುದಿಲ್ಲ ಎಂದೆ.

ಹತ್ತೊಂಬತ್ತರ ಭಾನುವಾರ ನೀನು ಅಲ್ಲಿಂದಲೇ ಒಂದು ದೀಪ ಹಚ್ಚು. ನಾನು ಗೆಲ್ಲಲಿ ಎಂದೋ ಸೋಲಲಿ ಎಂದೋ ನಿನಗೆ ಬಿಟ್ಟದ್ದು.

ಅವ್ವ


ಹಳಿಯಾಳ
21 ಜನವರಿ 2025

ಅವ್ವಾ,

ಬರಬೇಡ ಎಂದಿದ್ದೆ. ನಾನು ಯಾವತ್ತು ನಿನ್ನ ಮಾತು ಕೇಳಿದ್ದೇನೆ? ಆದರೆ ನಿನ್ನ ಕಣ್ಣಿಗೆ ಬೀಳಬಾರದು, ಹಿಂದೆ ನಿಂತು ನೋಡಿ ಬರಬೇಕು ಎಂದೇ ಬಂದಿದ್ದೆ. ಜೊಯಿಡಾದ ಬಸ್ಸು ತನ್ನ ಮನಸ್ಸಿಗೆ ಬಂದಾಗ ಬರುತ್ತದೆ. ನಾನು ಹಾಲ್ ಬಾಗಿಲಿಗೆ ಬರುವಷ್ಟರಲ್ಲಿ ಫೈನಲ್‌ನ ಮೂರನೆಯ ಆಟ ನಡೆದಿತ್ತು. ಪಕ್ಕದಲ್ಲಿದ್ದವರು ಹೇಳಿದರು, "ಅಡಗಿ ಅವ್ವಾರೂ ಮಲ್ಲೇಶನೂ ಸಮಸಮ ಅದಾರ್ರಿ. ಇದರಾಗ ಯಾರು ಮುಂದೋ ಅವರಿಗೆ ಯಂತ್ರ." ಯಾರು ಗೆಲ್ಲಲಿ ಎಂದು ಬೇಡಿಕೊಳ್ಳಲಿ ಎಂದೇ ತಿಳಿಯಲಿಲ್ಲ.

ಪುಣೆಯ ಡಾಕ್ಟರ್ ಬಾಯಿಯ ಕೊನೆಯ ಚೆಂಡು ಹೋಯಿತು. ಪಣಜಿಯ ಹುಡುಗನದೂ ಹೋಯಿತು. ಮಲ್ಲೇಶ ಕೈ ಬೆವರಿದೆ ಎಂದು ಟವೆಲ್ಲಿಗಾಗಿ ಮೂಲೆಗೆ ಹೋದ. ನೀನು ತಿರುಗಿ ನೋಡಿದೆ. ನನ್ನನ್ನು ಕಂಡೆ. ಸೆರಗು ಸಿಕ್ಕಿಸಿಕೊಂಡು ನೇರ ಯಂತ್ರದ ಮುಂದೆ ಹೋಗಿ ಹಿಡಿ ಎಳೆದೆ.

ಅವ್ವಾ, ನಿನ್ನನ್ನು ನಾನು ಹಾಗೆ ಎಂದೂ ನೋಡಿರಲಿಲ್ಲ. ಏಣಿಯ ಕಡೆ ನೀನು ಕಣ್ಣು ಕೂಡ ಹಾಯಿಸಲಿಲ್ಲ. ಚೆಂಡು ಹಿಡಿದೆ, ನಿಲ್ಲಿಸಿದೆ, ಹುಲಿಯ ಬಾಯಿಗೆ ಹಾಕಿದೆ. ಮೂರು ಚೆಂಡು ಬಂದವು. ಮತ್ತೆ ಹುಲಿ, ಮತ್ತೆ ಹುಲಿ. ಯಂತ್ರವನ್ನು ಸೊಂಟದಿಂದ ತಳ್ಳಿದೆ, ಅದು ಮುನಿಸಿಕೊಳ್ಳಲಿಲ್ಲ. ನಿನಗೆ ದಿಕ್ಕು ತೋಚುವುದಿಲ್ಲ ಎಂದು ಬರೆದಿದ್ದೆಯಲ್ಲ, ಸುಳ್ಳಿ! ಬಾಬ ಒಮ್ಮೆ ಕೈ ಎತ್ತಿದರು, ಏನೋ ಹೇಳಲು ಹೋಗಿ ಕೈ ಇಳಿಸಿದರು. ಮಲ್ಲೇಶ ಟವೆಲ್ ಹಿಡಿದು ಬಾಯಿ ತೆರೆದು ನಿಂತಿದ್ದ. ನಾನು ಚಪ್ಪಾಳೆ ಹೊಡೆದೆ. ಯಾಕೆ ಬೇರೆ ಯಾರೂ ಹೊಡೆಯುತ್ತಿಲ್ಲ ಎಂದು ಆಗಲೂ ನನಗೆ ತಿಳಿಯಲಿಲ್ಲ.

ಎಲ್ಲ ಮುಗಿದ ಮೇಲೆ ಬಾಬ ಮೆಲ್ಲಗೆ, "ದ್ರಾಕ್ಷಾಬಾಯಿ, ಅದು ಮಲ್ಲೇಶನ ಚೆಂಡು" ಎಂದರು. ನೀನು ಅಂಕದ ಹಲಗೆ ನೋಡಿದೆ. ಅಷ್ಟೂ ಅಂಕ ಮೂರನೆಯವನ ಸಾಲಿನಲ್ಲಿತ್ತು. ಸೆರಗು ಬಾಯಿಗೆ ಹಿಡಿದು ನಕ್ಕುಬಿಟ್ಟೆ. ಮಲ್ಲೇಶ, "ಬ್ಯಾಡ್ರಿ ಬಾಬ, ಅವ್ವಾರ ಆಟ ಅವ್ವಾರಿಗೇ ಇರ್ಲಿ" ಎಂದ. ನೀನು ಒಪ್ಪಲಿಲ್ಲ. "ಇಲ್ಲ ತಮ್ಮಾ, ಎಲ್ಲಾರಿಗೂ ಒಂದ ಕಾನೂನು. ನಿನ್ನ ಚೆಂಡ ನೀ ಆಡು" ಎಂದೆ. ಅವನು ಆಡಿದ. ಗೆದ್ದ.

ಬಸ್ಸಿನ ಹೊತ್ತಾಗಿತ್ತು. ಯಾಕವ್ವಾ ಎಂದು ಕೇಳಿದರೆ "ಹೋಗ, ಬಸ್ ತಪ್ಪತೈತಿ" ಎಂದು ದಬ್ಬಿದೆ. ದಾರಿಯುದ್ದಕ್ಕೂ ಅದೇ ಯೋಚನೆ. ಊಟದಲ್ಲಿ, ನೀರಿಗೆ, ಬಸ್ಸಿನ ಸೀಟಿಗೆ, ಜನ್ಮದಲ್ಲಿ ಒಮ್ಮೆಯೂ ಬೇರೆಯವರಿಗಿಂತ ಮುಂಚೆ ನುಗ್ಗಿದವಳಲ್ಲ ನೀನು. ನಿನ್ನಿಂದ ಈ ತಪ್ಪು ಆಗುವುದು ಹೇಗೆ? ನನ್ನ ಮುಖ ಕಂಡು, ಇವಳ ಮನೆಗೇ ಹೋಗೋಣ ಎಂದು ಕನಿಕರದಿಂದ ಸೋತೆಯಾ? ಹಾಗಿದ್ದರೆ ಆ ಗೆಲುವು ನನಗೆ ಬೇಡ. ಪಂದ್ಯ ಬಿಟ್ಟುಬಿಡೋಣ. ಆ ಹುಲಿಯನ್ನು ಹೊಡೆದವಳನ್ನು ತಂದು ನನ್ನ ಅಡುಗೆಮನೆಯಲ್ಲಿ ಕೂರಿಸಲು ನನಗೆ ಮನಸ್ಸಿಲ್ಲ. ನೀನು ಅಂಬೇವಾಡಿಗೇ ಹೋಗು, ಯಂತ್ರ ಇಲ್ಲದಿದ್ದರೂ ಏನಾದರೂ ಮಾಡೋಣ.

ನಿಜ ಬರೆ.

ಗಂಗಾ


ಜೊಯಿಡಾ ಕಾಡುಮನೆ
28 ಜನವರಿ 2025

ಗಂಗಾ,

ಕನಿಕರವಂತೆ! ಗೆಲ್ಲಬೇಕೆಂದು ನನಗೆ ಎಷ್ಟು ಆಸೆಯಿತ್ತು ಎಂದು ನಿನಗೇನು ಗೊತ್ತು. ನೀನು ಹೋದ ಮೇಲೆ ಅಡುಗೆಮನೆಯಲ್ಲಿ ಕೂತು ಅತ್ತೆ. ಉಳ್ಳಾಗಡ್ಡಿ ಹೆಚ್ಚುತ್ತಿದ್ದೆ, ಅದರಿಂದ ಬಾಬರಿಗೆ ತಿಳಿಯಲಿಲ್ಲ.

ನಿಜ ಇಷ್ಟೇ. ಬಾಗಿಲಲ್ಲಿ ನೀನು ಕಂಡೆ. ಗುರಿ ತಪ್ಪುತ್ತದೆ ಎಂದುಕೊಂಡಿದ್ದೆ, ತಪ್ಪಲಿಲ್ಲ. ಇವಳಿಗೆ ತೋರಿಸಬೇಕು, ಈಗಲೇ ತೋರಿಸಬೇಕು ಎನ್ನಿಸಿತು. ಹಿಡಿಯ ಮುಂದೆ ಚೆಂಡು ಬಂದು ಕೂತಿತ್ತು. ಅದು ಯಾರದು, ಇದು ಎಷ್ಟನೆಯ ಸರದಿ, ಒಂದೂ ನೆನಪಾಗಲಿಲ್ಲ. ಇಂದೂರು ಗ್ಯಾದರಿಂಗ್‌ನಲ್ಲಿ ನೀನು ಯಾಕೆ ನುಗ್ಗಿದ್ದೆ ಗೊತ್ತೇ? ಹಾಲು ಹಿಂಡಿ ನಾನು ತಡವಾಗಿ ಬಂದಿದ್ದೆ. ಜನರ ನಡುವೆ ನನ್ನನ್ನು ಕಂಡ ಕೂಡಲೇ ಕುಣಿಯಲು ಶುರು ಮಾಡಿದ್ದೆ. ಗುರುಗಳು ಬೈದರು, ನಾನೂ ಬೈದೆ. ಇಷ್ಟು ವರ್ಷ ಅದನ್ನು ನಿನ್ನ ತಪ್ಪೆಂದೇ ಆಡಿಕೊಂಡೆ. ಮೊನ್ನೆ ಅದರ ರುಚಿ ಗೊತ್ತಾಯಿತು. ಆ ಅಂಕ ಯಾರ ಲೆಕ್ಕಕ್ಕೂ ಸೇರಲಿಲ್ಲ, ಆದರೆ ನೀನು ನೋಡಿದೆಯಲ್ಲ.

ಪಂದ್ಯ ಬಿಡುವ ಮಾತು ಬೇಡ. ಸೋತಿದ್ದೇನೆ, ಬರುತ್ತೇನೆ. ಸೋಮವಾರದ ಬಸ್ಸಿಗೆ ಟ್ರಂಕು ಸಮೇತ ಇಳಿಯುತ್ತೇನೆ, ಅಳಿಯಂದಿರನ್ನು ಸ್ಟ್ಯಾಂಡಿಗೆ ಕಳಿಸು. ಆದರೆ ನಿನ್ನ ನವೆಂಬರ್ ಕಾಗದವನ್ನು ಮತ್ತೆ ತೆಗೆದು ಓದಿದೆ. ಟ್ರಂಕು ಸಮೇತ ಬರಬೇಕು ಎಂದಿದ್ದಿ. ಎಷ್ಟು ದಿನ ಎಂದು ಬರೆದಿಲ್ಲ.

ಮಲ್ಲೇಶನಿಗೆ ಯಂತ್ರ ಇಡಲು ಜಾಗವಿಲ್ಲ. ಅವನ ಮನೆ ಬಾಗಿಲಲ್ಲಿ ಅದು ತೂರುವುದೇ ಇಲ್ಲವಂತೆ. "ಅವ್ವಾರ, ನಿಮ್ಮ ಅಂಗಡಿ ಆಗೂ ಅಂಬೇವಾಡಿ ಖೋಲ್ಯಾಗ ಇಡೂಣೇನ್ರಿ? ಯಂತ್ರ ನಂದು, ಭಜಿ ನಿಮ್ದು" ಎಂದ. ಯುಗಾದಿಯ ಮೇಲೆ ನೋಡೋಣ ಎಂದಿದ್ದೇನೆ. ಅಲ್ಲಿಯ ತನಕ ನಿನ್ನ ಮನೆಯಲ್ಲಿ ಇರುತ್ತೇನೆ, ಮೂರನೆಯ ದಿನಕ್ಕೆ ಚೀಲ ಕಟ್ಟುವುದಿಲ್ಲ. ಕೆಂಚವ್ವನವರಿಗೆ ಗೋಲಿ ಹಿಡಿಯುವುದು ಹೇಗೆಂದು ನಾನು ಹೇಳಿಕೊಡುತ್ತೇನೆ.

ಸೋಮವಾರ ರಾತ್ರಿ ಬಡಿಸುವಾಗ ನನ್ನನ್ನು ಮೊದಲ ಪಂಕ್ತಿಯಲ್ಲಿ ಕೂರಿಸು. ಯಾರಿಗೆ ಎಷ್ಟಿದೆ, ಎಷ್ಟು ಉಳಿಯುತ್ತದೆ ಎಂದು ನೋಡದೆ ಒಂದು ಸಲ ಉಣ್ಣಬೇಕೆಂದಿದ್ದೇನೆ.

ನಿನ್ನ ಅವ್ವ,
ದ್ರಾಕ್ಷಾಯಣಿ